6061-ಟಿ6 ಶೀಟಿನಲ್ಲಿ ಮಡ್‌ಗಾರ್ಡ್ ಮಾಡಲು ಹೋಗಬೇಡಿ

1.6 ಮಿ.ಮೀ. ದಪ್ಪದ 6061-ಟಿ6 (ಕಾಯಿಸಿ ಗಟ್ಟಿ ಮಾಡಿದ ಅಲ್ಯೂಮಿನಿಯಂ ಮಿಶ್ರಲೋಹ) ಶೀಟಿನಲ್ಲಿ ಶುರುವಾಗಿ, ಮೂರು ಸಲ ಕೆಟ್ಟು, ಕೊನೆಗೆ ಗುಜರಿ ಸೇರಿದ, ಗಾಡಿಯ ಮುಂದಿನ ಮಡ್‌ಗಾರ್ಡ್ ಒಂದರ ಕಥೆ ಇದು. ಶೀಟ್ ಗಟ್ಟಿ ಇದ್ದರೆ ಬಾಡಿಯೂ ಗಟ್ಟಿ ಎಂಬ ಲೆಕ್ಕವೇ ತಪ್ಪು. ಕೆಲಸದಲ್ಲಿ ಮಾತ್ರ ಯಾವ ಅಡ್ಡದಾರಿಯೂ ಇರಲಿಲ್ಲ, ಎಲ್ಲ ಬಲ್ಲವರು ಹೇಳುವ ಹಾಗೆಯೇ ನಡೆದಿತ್ತು. ಆದರೆ ಬಾಯಿಂದ ಬಾಯಿಗೆ ಬರುವ ಬಾಡಿ ಕೆಲಸದ ಉಪಾಯಗಳು ಹೆಚ್ಚಾಗಿ 1100, 3003ರಂಥ ಮೆದು ಅಲ್ಯೂಮಿನಿಯಂ ಶೀಟಿಗೆ ಹುಟ್ಟಿದವು. 6061ರ ಮೇಲೆ ಅವೇ ತಿರುಗಿ ಬೀಳುತ್ತವೆ.

ಮೊದಲು ಕೆಟ್ಟದ್ದು ಅಂಚು. 12 ಮಿ.ಮೀ. ಅಗಲದ ಅಂಚನ್ನು ಚೂಪು ಮೂಲೆಯ ಆ್ಯಂಗಲ್ ಮೇಲಿಟ್ಟು 90 ಡಿಗ್ರಿ ಮಡಿಸಿದರೆ 3003-ಎಚ್14 (ಅರ್ಧ ಗಟ್ಟಿಯಾದ 3003) ತಡೆಯುತ್ತದೆ. 6061-ಟಿ6ಗೆ ಮಡಿಕೆಯ ಒಳಗಡೆ ದಪ್ಪದ ಸುಮಾರು ಮೂರು ಪಟ್ಟು, ಅಂದರೆ 5 ಮಿ.ಮೀ. ತ್ರಿಜ್ಯ ಬೇಕು. ಸಾಲದ್ದಕ್ಕೆ ಮಡಿಕೆಯ ಗೆರೆಯನ್ನು ಉಕ್ಕಿನ ಮೊಳೆಯಿಂದ ಗೀಚಲಾಗಿತ್ತು. ಆ ಗೀರಿನುದ್ದಕ್ಕೂ ಶೀಟ್ ಬಾಯಿಬಿಟ್ಟಿತು. ಯಾವ ಶೀಟೇ ಆಗಲಿ, ಗೆರೆಗೆ ಮಾರ್ಕರ್ ಪೆನ್ ಬಳಸಿ. ಕತ್ತರಿಸಿದ ಅಂಚಿನ ಮುಳ್ಳನ್ನೂ ಮೊದಲೇ ಅರದಿಂದ ಉಜ್ಜಿ ತೆಗೆಯಿರಿ, ಬಿರುಕು ಅಲ್ಲಿಂದಲೂ ಶುರುವಾಗುತ್ತದೆ.

ಎರಡನೆಯ ಶೀಟನ್ನು ಕಾಯಿಸಿ ಮೆದು ಮಾಡುವ ಪ್ರಯತ್ನ ನಡೆಯಿತು. ಮೇಲೆ ಸೋಪು ಉಜ್ಜಿ, ಹಿಂದಿನಿಂದ ಬೆಂಕಿ ಹಿಡಿದು, ಸೋಪು ಕಪ್ಪಾದಾಗ ನಿಲ್ಲಿಸುವುದು ಹಳೆಯ ಉಪಾಯ. 3003 ಬಡಿಯುವಷ್ಟು ಮೆದುವಾಗಲು ಅಷ್ಟು ಸಾಕು. 6061 ಪೂರ್ತಿ ಮೆದುವಾಗಲು 415 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಮೂರು ಗಂಟೆ ಇಟ್ಟು ನಿಧಾನವಾಗಿ ತಣಿಸಬೇಕು. ಅದು ಒಲೆಯ ಕೆಲಸ, ಟಾರ್ಚಿನದಲ್ಲ. ಸಾಲದೆಂದು ಇನ್ನಷ್ಟು ಕಾಯಿಸಿ ನೀರಿಗೆ ಅದ್ದಿದಾಗ ಶೀಟ್ ನಿಜಕ್ಕೂ ಮೆತ್ತಗಾಯಿತು. ಮೋಸ ಇರುವುದು ಅಲ್ಲೇ. ಅಷ್ಟು ಬಿಸಿಯಿಂದ ಥಟ್ಟನೆ ತಣಿದ 6061 ಕೋಣೆಯ ಉಷ್ಣತೆಯಲ್ಲೇ ದಿನದಿನಕ್ಕೂ ಗಟ್ಟಿಯಾಗುತ್ತ ಹೋಗುತ್ತದೆ. ಮರಳು ಚೀಲದ ಮೇಲೆ ಅರ್ಧ ಬಡಿದು ವಾರ ಬಿಟ್ಟು ಮುಂದುವರಿಸಿದಾಗ ಉಬ್ಬಿನ ನೆತ್ತಿಯೇ ಸೀಳಿತು. ಇನ್ನೊಂದು ಅಪಾಯವೂ ಇದೆ: ಅಲ್ಯೂಮಿನಿಯಂ ಕಬ್ಬಿಣದಂತೆ ಕೆಂಪಾಗಿ ಎಚ್ಚರಿಸುವುದಿಲ್ಲ. 6061 ಸುಮಾರು 580 ಡಿಗ್ರಿಗೆ ಕರಗತೊಡಗುತ್ತದೆ, ನೋಡನೋಡುತ್ತಿದ್ದಂತೆ ತೂತು.

ಮೂರನೆಯ ಸಲ ಸಣ್ಣ ತುಂಡುಗಳನ್ನು ಮಾಡಿ ಟಿಗ್ (ಟಂಗ್‌ಸ್ಟನ್ ಕಡ್ಡಿಯ ವಿದ್ಯುತ್ ಕಿಡಿಯಿಂದ ಬೆಸೆಯುವ) ವೆಲ್ಡಿಂಗ್‌ನಲ್ಲಿ ಜೋಡಿಸಲಾಯಿತು. ಅದೇ ಶೀಟಿನಿಂದ ಕತ್ತರಿಸಿದ ಪಟ್ಟಿಯನ್ನೇ ಫಿಲ್ಲರ್ (ಬೆಸುಗೆಯಲ್ಲಿ ಕರಗಿಸಿ ತುಂಬುವ ಲೋಹ) ಮಾಡಿಕೊಳ್ಳುವುದು 1100, 3003ರಲ್ಲಿ ಒಳ್ಳೆಯ ಅಭ್ಯಾಸ. 6061ರಲ್ಲಿ ಹಾಗೆ ಮಾಡಿದರೆ ಬೆಸುಗೆ ತಣಿಯುತ್ತಲೇ ನಡುವೆ ಬಿರಿಯುತ್ತದೆ. ಸಿಲಿಕಾನ್ ಬೆರೆತ 4043 ಫಿಲ್ಲರ್ ರಾಡ್ ಹಾಕಿದರೆ ಬಿರಿಯುವುದು ತಪ್ಪುತ್ತದೆ ನಿಜ, ಆದರೆ ಆ ಬೆಸುಗೆ ಗಡುಸು. ಸಾಪು ಮಾಡಲು ಸುತ್ತಿಗೆ ಮತ್ತು ಡಾಲಿ (ಹಿಂದಿನಿಂದ ಒತ್ತಿ ಹಿಡಿಯುವ ಕಬ್ಬಿಣದ ಗಟ್ಟಿ) ಹಿಡಿದಾಗ ಅದೂ ಒಡೆಯಿತು. ಜೊತೆಗೆ ಬೆಸುಗೆಯ ಅಕ್ಕಪಕ್ಕ ಟಿ6ರ ಗಟ್ಟಿತನ ಹೋಗಿಬಿಟ್ಟಿರುತ್ತದೆ. ದುಬಾರಿ ಶೀಟ್ ತಂದದ್ದು ಆ ಗಟ್ಟಿತನಕ್ಕಾಗಿಯೇ ಅಲ್ಲವೇ!

ಉಬ್ಬು ತಗ್ಗಿರುವ ಭಾಗಗಳಿಗೆ 1.2ರಿಂದ 1.6 ಮಿ.ಮೀ.ನ 3003-ಎಚ್14 ತನ್ನಿ. ಬಾಗಿದ ಆಕಾರ ಮತ್ತು ಮಡಿಸಿದ ಅಂಚೇ ಪ್ಯಾನೆಲ್ಲಿಗೆ ಬಿಗಿ ಕೊಡುತ್ತವೆ. ಬೆಸುಗೆಗೆ 1100 ರಾಡ್ ಹಾಕಿದರೆ ಬಡಿದು ಸಾಪು ಮಾಡಬಹುದು. ಗ್ಯಾಸ್ ವೆಲ್ಡಿಂಗ್ ಆದರೆ ಫ್ಲಕ್ಸನ್ನು (ಬೆಸೆಯುವ ಮುನ್ನ ಬಳಿಯುವ ರಾಸಾಯನಿಕ) ಬಿಸಿನೀರಲ್ಲಿ ಪೂರ್ತಿ ತೊಳೆಯಿರಿ, ಉಳಿದದ್ದು ಪೇಂಟಿನ ಕೆಳಗೆ ತಿನ್ನುತ್ತದೆ. ಉಕ್ಕಿನ ಫ್ರೇಮಿಗೆ ಕೂರಿಸುವಾಗ ನಡುವೆ ಎಪಾಕ್ಸಿ ಪ್ರೈಮರ್ ಮತ್ತು ಸೀಲೆಂಟ್ ಇರಲಿ. 4 ಮಿ.ಮೀ. ರಿವೆಟ್ಟಿಗೆ 4.1 ಮಿ.ಮೀ. ತೂತು, ಅಂಚಿನಿಂದ ಕನಿಷ್ಠ 8 ಮಿ.ಮೀ. ಒಳಗೆ.

ಶೀಟಿನ ಮೇಲೆ ಮಿಶ್ರಲೋಹದ ಸಂಖ್ಯೆ ಅಚ್ಚಾಗಿರುತ್ತದೆ, ಆದರೆ ತುಂಡು ಕೊಂಡರೆ ಹಲವು ಸಲ ಅದು ಇರುವುದಿಲ್ಲ. ಎರಡು ಬೆರಳಗಲದ ಪಟ್ಟಿಯನ್ನು ವೈಸ್‌ಗೆ ಕಚ್ಚಿಸಿ ಚೂಪಾಗಿ 90 ಡಿಗ್ರಿ ಬಡಿದು ಮಡಿಸಿ. ಹೊರಮೈಯಲ್ಲಿ ಬಿರುಕು ಕಂಡರೆ ಆ ಶೀಟ್ ಮಡಿಕೆಯಿಲ್ಲದ ಬ್ರಾಕೆಟ್ಟುಗಳಿಗೆ ಇರಲಿ.