ಹಳೇ ಪಿಂಗಾಣಿ ಕೊಳ್ಳುವವರು ಮೊದಲು ಕಪ್ಪಿನ ಹಿಡಿ ನೋಡಿ

ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟ್ ಕಡೆ ಹಳೇ ಕಪ್ಪು-ಬಸಿ ಹುಡುಕಿಕೊಂಡು ಹೋಗುವವರು ದಯವಿಟ್ಟು ಇದನ್ನು ಓದಿ. ಹೋದ ತಿಂಗಳು ನಮ್ಮ ಮಾವನವರ ತೊಡೆ ಮೇಲೆ ಬಿಸಿ ಚಹಾ ಚೆಲ್ಲಿ ಬೊಬ್ಬೆ ಎದ್ದಿತು. ಅದಕ್ಕೆ ಕಾರಣ ಅಲ್ಲಿಂದ ತಂದ ಒಂದು ಕಪ್ಪು.

ನಾವಿರುವುದು ಡೊಂಬಿವಲಿಯಲ್ಲಿ. ಪಿಂಗಾಣಿ ಕೂಡಿಸುವುದು ಮನೆಮಂದಿಗೆಲ್ಲ ಇರುವ ಹುಚ್ಚು. ಮಾವ ಭೂತಗನ್ನಡಿ ಹಿಡಿದು ತಳದ ಮುದ್ರೆ ಓದುತ್ತಾರೆ, ಮಗಳು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ, ತೊಳೆದು ಜೋಡಿಸುವುದು ನನ್ನ ಪಾಲು. ನೀಲಿ ವಿಲೋ ಚಿತ್ರದ ತಟ್ಟೆ, ಜಪಾನಿನ ನೋರಿಟಾಕೆ ಬಟ್ಟಲು, ಹೀಗೆ ಒಂದೊಂದೇ ಬಂದು ಕಪಾಟು ತುಂಬಿದೆ.

ಮಟನ್ ಸ್ಟ್ರೀಟಿನ ಒಬ್ಬ ಅಂಗಡಿಯವನು ತೋರಿಸಿದ್ದು ಗುಲಾಬಿ ಹೂವಿನ, ಬಂಗಾರದ ಅಂಚಿನ ಚಹಾ ಸೆಟ್. 1880ರದು, ಪಾರ್ಸಿ ಮನೆಯಿಂದ ಬಂದದ್ದು ಅಂದ. ಮಾವ ಕಪ್ಪು ಮಗುಚಿ ನೋಡಿದರು. ತಳದಲ್ಲಿ ‘ಬೋನ್ ಚೈನಾ, ಮೇಡ್ ಇನ್ ಇಂಗ್ಲೆಂಡ್’ ಅಂತ ಇತ್ತು (ಬೋನ್ ಚೈನಾ ಅಂದರೆ ಮೂಳೆಯ ಬೂದಿ ಬೆರೆಸಿ ಮಾಡಿದ ಪಿಂಗಾಣಿ). ಹೊರದೇಶದಿಂದ ತರಿಸುವ ಸಾಮಾನಿನ ಮೇಲೆ ಅದನ್ನು ಮಾಡಿದ ದೇಶದ ಹೆಸರು ಇರಲೇಬೇಕು ಎಂಬ ಅಮೆರಿಕದ ಕಾನೂನು ಜಾರಿಗೆ ಬಂದದ್ದು 1891ರಲ್ಲಿ. ಆಮೇಲೆ ‘ಇಂಗ್ಲೆಂಡ್’ ಎಂಬ ಮುದ್ರೆ ಎಲ್ಲೆಡೆ ಕಾಣತೊಡಗಿತು. ‘ಮೇಡ್ ಇನ್ ಇಂಗ್ಲೆಂಡ್’ ಎಂದು ಪೂರ್ತಿ ಬರೆದದ್ದು ಹೆಚ್ಚಾಗಿ 20ನೇ ಶತಮಾನದ್ದು. ಮಾವ ಇದನ್ನು ಹೇಳಿದ ಕೂಡಲೇ ಅವನು ರೇಟು ಇಳಿಸಿದ. ಎಲ್ಲಾದರೂ ರಿಪೇರಿ ಆಗಿದೆಯಾ ಅಂತ ಬಾಯಿಬಿಟ್ಟು ಕೇಳಿದೆವು. ‘ಒಂದು ಗೀರೂ ಇಲ್ಲ’ ಅಂದ. ಸೆಟ್ ಚೆಂದ ಇತ್ತು, ತಂದೆವು.

ಭಾನುವಾರ ಅದರಲ್ಲೇ ಚಹಾ ಕೊಟ್ಟೆ. ಮಾವ ಕಪ್ಪು ಎತ್ತಿದರು. ಹಿಡಿ ಬೆರಳಲ್ಲೇ ಉಳಿಯಿತು, ಕಪ್ಪು ತೊಡೆ ಮೇಲೆ ಬಿತ್ತು.

ಮುರಿದ ಜಾಗ ನೋಡಿದರೆ ಹಳದಿ ಬಣ್ಣದ ಅಂಟು. ಅದರ ಮೇಲೆ ಬಿಳಿ ಪೇಂಟು. ಅದರ ಮೇಲೆ ಬಂಗಾರದ ಗೆರೆಯನ್ನೂ ಎಳೆದಿದ್ದರು! ಇಂಥ ಅಂಟು ಬಿಸಿಗೆ ಮೆತ್ತಗಾಗುತ್ತದೆ. ಚಹಾ ಕುಡಿಯುವ ಸಾಮಾನಿಗೆ ಇದನ್ನು ಮೆತ್ತಿ, ಸುಳ್ಳು ಹೇಳಿ ಮಾರುವುದು ಬರೀ ದುಡ್ಡಿನ ಮೋಸ ಅಲ್ಲ, ಜನರ ಮೈಗೆ ಅಪಾಯ. ಒಡೆದದ್ದನ್ನು ಕೂಡಿಸುವುದು ತಪ್ಪಲ್ಲ. ಜಪಾನಿನ ಕಿಂತ್ಸುಗಿಯಲ್ಲಿ ಬಿರುಕಿನ ಮೇಲೆ ಚಿನ್ನದ ಪುಡಿ ಹಚ್ಚಿ ಎಲ್ಲರಿಗೂ ಕಾಣುವಂತೆಯೇ ಇಡುತ್ತಾರೆ. ಮುಚ್ಚಿಟ್ಟದ್ದಕ್ಕೆ ನನಗೆ ಸಿಟ್ಟು.

ಉಳಿದ ಕಪ್ಪುಗಳನ್ನು ಕತ್ತಲಲ್ಲಿಟ್ಟು, ಖೋಟಾ ನೋಟು ಪತ್ತೆ ಮಾಡುವ ನೇರಳೆ ಟಾರ್ಚ್ ಬಿಟ್ಟು ನೋಡಿದೆವು. ಇನ್ನೆರಡರ ಹಿಡಿಯ ಬುಡದಲ್ಲಿ ಬೇರೆ ಥರದ ಹೊಳಪು, ಒಂದರ ಅಂಚಿನಲ್ಲೂ ತೇಪೆ. ಈ ಟಾರ್ಚ್ ಅಗ್ಗಕ್ಕೆ ಸಿಗುತ್ತದೆ, ಜೇಬಲ್ಲಿರಲಿ. ಮಾಮೂಲಿ ಟಾರ್ಚನ್ನು ಕಪ್ಪಿನ ಒಳಗೆ ಹಿಡಿದರೂ ನಡೆಯುತ್ತದೆ. ಬೋನ್ ಚೈನಾದಲ್ಲಿ ಬೆಳಕು ಹಾಯುತ್ತದೆ, ತೇಪೆ ಹಾಕಿದ ಕಡೆ ಕಪ್ಪಗೆ ಕಾಣುತ್ತದೆ. ಉಗುರಿನಿಂದ ಮೆಲ್ಲಗೆ ಬಡಿದು ನೋಡಿ. ಗಟ್ಟಿ ಕಪ್ಪು ಠಣ್ ಅನ್ನುತ್ತದೆ, ಬಿರುಕಿದ್ದರೆ ಸದ್ದು ಸಾಮಾನ್ಯವಾಗಿ ಮಂಕು.

ವಾಪಸ್ ಒಯ್ದಾಗ ಅವನು ಬಿಲ್ಲಿನಲ್ಲಿದ್ದ ‘ಹಳೇ ಸಾಮಾನು’ ಎಂಬುದನ್ನೇ ತೋರಿಸಿ, ಅಂಗಡಿ ದಾಟಿದ ಮೇಲೆ ತನಗೆ ಸಂಬಂಧ ಇಲ್ಲ ಅಂದ. ಹಾಗಾಗಿ ‘ರಿಪೇರಿ ಆಗಿಲ್ಲ’ ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬರೆಯಲು ಒಪ್ಪದಿದ್ದರೆ ಸುಮ್ನೆ ಬಿಟ್ಟು ಬನ್ನಿ. ಇತ್ತೀಚೆಗೆ ಆ ಕಡೆಯಿಂದ ಗುಲಾಬಿ ಹೂವಿನ ಸೆಟ್ ತಂದವರಿದ್ದರೆ ಇವತ್ತೇ ಹಿಡಿಗಳನ್ನು ನೋಡಿ. ನೋಡುವ ತನಕ ಅದರಲ್ಲಿ ಯಾರಿಗೂ ಚಹಾ ಕೊಡಬೇಡಿ, ಅದರಲ್ಲೂ ವಯಸ್ಸಾದವರಿಗೆ, ಮಕ್ಕಳಿಗೆ.