ಕೇಳಿದರೆ ಉತ್ತರ ಕೊಡುವ ಸೆಟ್ಟಿಂಗ್‌ಗಳು: ಟರ್ಮಿನಲ್ ಎಡಿಟರ್ ವಿಮ್‌ನ ವಿಮರ್ಶೆ

ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಪರದೆಯಲ್ಲಿ, ನಡೆಯುವ ಎಡಿಟರ್‌ಗಳ (ಪಠ್ಯ ತಿದ್ದುವ ತಂತ್ರಾಂಶಗಳ) ಸೆಟ್ಟಿಂಗ್ಸ್ ಬಗ್ಗೆ ಮಾತು ಬಂದಾಗ ಯಾವುದರಲ್ಲಿ ಬಣ್ಣಗಳು ಚೆನ್ನಾಗಿವೆ, ಯಾವುದಕ್ಕೆ ಪ್ಲಗಿನ್‌ಗಳು ಹೆಚ್ಚು ಎಂಬಲ್ಲಿಗೇ ಚರ್ಚೆ ನಿಂತುಬಿಡುತ್ತದೆ. ನಾನು ಬೇರೆಯದೇ ಒಂದು ಅಳತೆಗೋಲನ್ನು ಇಟ್ಟುಕೊಂಡು ಈ ವಿಮರ್ಶೆ ಬರೆಯುತ್ತಿದ್ದೇನೆ. ಒಂದು ಸೆಟ್ಟಿಂಗ್‌ನ ಬೆಲೆ (ಅಂದರೆ ಅದಕ್ಕೆ ಕೊಟ್ಟಿರುವ ಮೌಲ್ಯ) ಈಗ ಎಷ್ಟಿದೆ, ಅದನ್ನು ಹಾಗೆ ಇಟ್ಟದ್ದು ಯಾವ ಕಡತ, ಮೊದಲಿದ್ದಂತೆ ಮಾಡಲು ಏನು ಮಾಡಬೇಕು ಎಂದು ಕೇಳಿದರೆ ಎಡಿಟರ್ ತಾನೇ ಉತ್ತರ ಹೇಳಬೇಕು. ಈ ಒಂದು ವಿಷಯದಲ್ಲಿ ವಿಮ್‌ನಷ್ಟು ತೃಪ್ತಿ ಕೊಟ್ಟ ಎಡಿಟರನ್ನು ನಾನು ಬಳಸಿಲ್ಲ. ಆದರೆ ಹೊಸದಾಗಿ ಕೈಗೆ ಬರುವ ವಿಮ್ ಒರಟಾಗಿಯೇ ಇರುತ್ತದೆ, ಮತ್ತು ಕನ್ನಡ ಬರೆಯುವವರಿಗೆ ಅದು ಕೊಡುವ ಸೌಕರ್ಯ ಪೂರ್ಣವಲ್ಲ. ಈ ಎರಡನ್ನೂ ಮುಂದೆ ವಿವರವಾಗಿ ಹೇಳುತ್ತೇನೆ.

ಬಿಲ್ ಜಾಯ್ 1976ರಲ್ಲಿ ಯುನಿಕ್ಸ್‌ಗಾಗಿ ಬರೆಯತೊಡಗಿದ ವಿಐ ಎಂಬ ಎಡಿಟರಿನ ಜಾಡಿನಲ್ಲಿ ನೆದರ್‌ಲೆಂಡ್ಸ್‌ನ ಬ್ರಾಮ್ ಮೂಲೆನಾರ್ ರೂಪಿಸಿದ ವಿಮ್ 1991ರಲ್ಲಿ ಸಾರ್ವಜನಿಕರ ಕೈಸೇರಿತು. 2023ರ ಆಗಸ್ಟ್‌ನಲ್ಲಿ ತೀರಿಕೊಳ್ಳುವವರೆಗೂ ಅವರೇ ಅದರ ಹೊಣೆ ಹೊತ್ತಿದ್ದರು. ಈಗ ಸ್ವಯಂಸೇವಕರ ಬಳಗ ಅದನ್ನು ನಡೆಸುತ್ತಿದೆ. ಇದಕ್ಕೆ ಹಣ ಕೊಡಬೇಕಾಗಿಲ್ಲ. ಯಾವ ಕಡತವನ್ನೂ ತೆರೆಯದೆ ವಿಮ್ ಚಾಲೂ ಮಾಡಿದರೆ ಉಗಾಂಡಾದ ಬಡ ಮಕ್ಕಳಿಗೆ ನೆರವಾಗಿರಿ ಎಂಬ ಕೋರಿಕೆ ಪರದೆಯಲ್ಲಿ ಕಾಣಿಸುತ್ತದೆ. ಇಷ್ಟು ಕೆಲಸಕ್ಕೆ ಬರುವ ಸಾಧನವನ್ನು ಕೊಟ್ಟವರು ಪ್ರತಿಯಾಗಿ ಕೇಳಿದ್ದು ಅಷ್ಟೇ ಎಂಬುದನ್ನು ನೆನೆದಾಗ ನನಗೆ ಗೌರವ ಮೂಡುತ್ತದೆ.

ಬೆಂಗಳೂರಿನಲ್ಲಿ ವಿಮ್ ಪರಿಚಯವಾಗುವ ದಾರಿಗಳು ಹೆಚ್ಚುಕಡಿಮೆ ಎರಡು. ಎಲೆಕ್ಟ್ರಾನಿಕ್ಸ್ ಸಿಟಿಯಲ್ಲೋ ವೈಟ್‌ಫೀಲ್ಡ್‌ನಲ್ಲೋ ಕೆಲಸಕ್ಕೆ ಸೇರಿದ ಹೊಸಬರು ಎಲ್ಲಿಯದೋ ಒಂದು ಸರ್ವರ್‌ಗೆ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರನ್ನು ಟರ್ಮಿನಲ್‌ನಿಂದ ಬಳಸುವ ವಿಧಾನ) ಮೂಲಕ ಲಾಗಿನ್ ಆಗಿ ಒಂದು ಕಡತವನ್ನು ತಿದ್ದಬೇಕಾಗಿ ಬಂದಾಗ ಅಲ್ಲಿ ಇರುವುದು ಅದೇ. ಇಲ್ಲವೇ ಎಸ್.ಪಿ. ರಸ್ತೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಕೊಂಡು ಅದರಲ್ಲಿ ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡ ವಿದ್ಯಾರ್ಥಿಗಳು ಪಾಠದ ಸೂಚನೆಯಂತೆ ವಿಐ ಎಂದು ಟೈಪ್ ಮಾಡುತ್ತಾರೆ. ಎರಡನೆಯವರಿಗೆ ಎದುರಾಗುವ ತೊಡಕನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಉಬುಂಟು ಜೊತೆಗೆ ಬರುವುದು ವಿಮ್ ಟೈನಿ ಎಂಬ ಕಿರಿದಾದ ಆವೃತ್ತಿ. ಅದನ್ನು ಹಳೆಯ ವಿಐಯಂತೆಯೇ ವರ್ತಿಸುವ ಹಾಗೆ ಹೊಂದಿಸಿರುತ್ತಾರೆ, ಆದ್ದರಿಂದ ಬರೆಯುವ ಸ್ಥಿತಿಯಲ್ಲಿ (ವಿಮ್‌ನಲ್ಲಿ ಪಠ್ಯ ಬರೆಯುವ ಸ್ಥಿತಿ, ಆಜ್ಞೆ ಕೊಡುವ ಸ್ಥಿತಿ ಬೇರೆ ಬೇರೆ) ಬಾಣದ ಕೀಲಿ ಒತ್ತಿದರೆ ಕರ್ಸರ್ ಸರಿಯುವ ಬದಲು ಎ, ಬಿ, ಸಿ, ಡಿ ಅಕ್ಷರಗಳು ಮೂಡುತ್ತವೆ. ಇದನ್ನು ಕಂಡೇ ವಿಮ್ ಬೇಡವೆಂದು ಬಿಟ್ಟವರು ನನಗೆ ಗೊತ್ತು. ಅವರು ಬಿಟ್ಟದ್ದು ನಿಜವಾದ ವಿಮ್ ಅನ್ನು ಅಲ್ಲವೇ ಅಲ್ಲ. ಪೂರ್ಣ ಆವೃತ್ತಿಯನ್ನು ಇನ್‌ಸ್ಟಾಲ್ ಮಾಡಿಕೊಳ್ಳುವುದು ಮೊದಲ ಕೆಲಸ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದದ್ದು. 2016ರಲ್ಲಿ ಬಂದ 8.0 ಆವೃತ್ತಿಯಿಂದ ಈಚೆಗೆ, ಬಳಕೆದಾರರು ತಮ್ಮ ಸೆಟ್ಟಿಂಗ್‌ಗಳನ್ನು ಬರೆದಿಡುವ ಸ್ವಂತ ವಿಮ್‌ಆರ್‌ಸಿ ಕಡತ ಇಲ್ಲದಿದ್ದರೆ ವಿಮ್ ತನ್ನ ಜೊತೆಗಿರುವ ಡಿಫಾಲ್ಟ್ಸ್ ಎಂಬ ಕಡತವನ್ನು ಓದಿಕೊಂಡು ಸಿಂಟ್ಯಾಕ್ಸ್ ಬಣ್ಣಗಳು (ಕೋಡ್‌ನ ಭಾಗಗಳನ್ನು ಬೇರೆ ಬೇರೆ ಬಣ್ಣದಲ್ಲಿ ತೋರಿಸುವುದು), ಟೈಪ್ ಮಾಡುತ್ತಿದ್ದಂತೆಯೇ ನಡೆಯುವ ಹುಡುಕಾಟ, ಕೆಳಗಿನ ಮೂಲೆಯಲ್ಲಿ ಕರ್ಸರ್ ಸ್ಥಾನ ಮುಂತಾದವುಗಳನ್ನು ತಾನಾಗಿಯೇ ಹೊಂದಿಸುತ್ತದೆ. ಸಾಲು ಸಂಖ್ಯೆ ಕಾಣಲಿ ಎಂದು ನಾವು ಒಂದೇ ಸಾಲಿನ ವಿಮ್‌ಆರ್‌ಸಿ ಬರೆದ ಮರುಕ್ಷಣ ಆ ಡಿಫಾಲ್ಟ್ಸ್ ಕಡತವನ್ನು ಅದು ಓದುವುದನ್ನೇ ಬಿಡುತ್ತದೆ. ಇಡೀ ಸಿಸ್ಟಮ್‌ಗೆ ಅನ್ವಯಿಸುವ ಕಡತ ಬೇರೆ ಹೇಳದಿದ್ದರೆ ಬಣ್ಣಗಳೂ ಮಾಯವಾಗುತ್ತವೆ. ಒಂದನ್ನು ಸೇರಿಸಲು ಹೋದವರು ಹಲವನ್ನು ಕಳೆದುಕೊಳ್ಳುವ ಈ ಏರ್ಪಾಡು ಹೊಸಬರ ಪಾಲಿಗೆ ತಪ್ಪು ನಿರ್ಧಾರ ಎಂದೇ ನನ್ನ ಅಭಿಪ್ರಾಯ. ಪರಿಹಾರವೇನೋ ಸುಲಭ: ಸ್ವಂತ ಕಡತದ ಆರಂಭದಲ್ಲಿಯೇ ‘ಸೋರ್ಸ್’ ಆಜ್ಞೆಯಿಂದ ಡಿಫಾಲ್ಟ್ಸ್ ಕಡತವನ್ನು ಕರೆಯಬೇಕು, ಆಮೇಲೆ ನಮ್ಮ ಬದಲಾವಣೆಗಳನ್ನು ಬರೆಯಬೇಕು. ಅದಕ್ಕೆ ಬೇಕಾದ ಸಾಲುಗಳು ವಿಮ್‌ನ ಒಳಗಿನ ಹೆಲ್ಪ್‌ನಲ್ಲಿಯೇ ಸಿದ್ಧವಾಗಿವೆ.

ಇಷ್ಟು ದಾಟಿದ ಮೇಲೆ ವಿಮ್‌ನ ನಿಜವಾದ ಗುಣ ಕಾಣತೊಡಗುತ್ತದೆ. ಯಾವ ಆಯ್ಕೆಯನ್ನಾದರೂ ಕೋಲನ್ ಒತ್ತಿ ‘ಸೆಟ್’ ಆಜ್ಞೆಯಿಂದ ಆ ಕ್ಷಣಕ್ಕೆ ಬದಲಿಸಿ ನೋಡಬಹುದು. ಹೊರಬಂದ ಕೂಡಲೇ ಆ ಬದಲಾವಣೆ ಅಳಿದುಹೋಗುತ್ತದೆ, ಉಳಿಯಬೇಕೆಂದರೆ ನಾವೇ ವಿಮ್‌ಆರ್‌ಸಿಯಲ್ಲಿ ಬರೆದಿಡಬೇಕು. ಮೈಕ್ರೋ ಎಂಬ ಇತ್ತೀಚಿನ ಟರ್ಮಿನಲ್ ಎಡಿಟರಿನಲ್ಲಿ ಇದರ ತಿರುವುಮುರುವು: ಅಲ್ಲಿ ‘ಸೆಟ್’ ಎಂದ ಕೂಡಲೇ ಅದು ಸೆಟ್ಟಿಂಗ್ಸ್ ಕಡತದಲ್ಲಿ ಶಾಶ್ವತವಾಗಿ ದಾಖಲಾಗುತ್ತದೆ. ಅದು ಅನುಕೂಲವೆಂದು ಹಲವರು ಹೇಳುತ್ತಾರೆ. ನನಗೆ ವಿಮ್‌ನ ರೀತಿಯೇ ಸರಿಯೆನಿಸುತ್ತದೆ, ಏಕೆಂದರೆ ಪ್ರಯೋಗ ಮಾಡಿ ನೋಡುವುದೂ ಒಪ್ಪಿ ಉಳಿಸಿಕೊಳ್ಳುವುದೂ ಬೇರೆ ಬೇರೆ ಹೆಜ್ಜೆಗಳಾಗಿದ್ದಾಗ ಕಡತದಲ್ಲಿರುವ ಒಂದೊಂದು ಸಾಲೂ ಯೋಚಿಸಿ ಬರೆದದ್ದಾಗಿರುತ್ತದೆ. ಆಯ್ಕೆಯ ಹೆಸರಿನ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಈಗಿನ ಬೆಲೆ ತಿಳಿಯುತ್ತದೆ. ಆ್ಯಂಪರ್ಸ್ಯಾಂಡ್ ಹಾಕಿದರೆ ಮೂಲ ಬೆಲೆಗೆ ಮರಳುತ್ತದೆ. ಬರೀ ‘ಸೆಟ್’ ಎಂದು ಎಂಟರ್ ಒತ್ತಿದರೆ ಮೂಲಕ್ಕಿಂತ ಭಿನ್ನವಾಗಿರುವ ಆಯ್ಕೆಗಳೆಲ್ಲ ಪಟ್ಟಿಯಾಗಿ ಬರುತ್ತವೆ. ಸಹೋದ್ಯೋಗಿಯ ಕಂಪ್ಯೂಟರ್ ಮುಂದೆ ಕುಳಿತು ಅವರ ವಿಮ್ ಏಕೆ ಹೀಗೆ ನಡೆದುಕೊಳ್ಳುತ್ತಿದೆ ಎಂದು ಪತ್ತೆಮಾಡಬೇಕಾದಾಗ ಈ ಪಟ್ಟಿಯಷ್ಟು ಬೇಗ ದಾರಿ ತೋರಿಸುವುದು ಬೇರೆ ಇಲ್ಲ.

ನನ್ನ ಅಳತೆಗೋಲಿನ ಕಠಿಣ ಪರೀಕ್ಷೆ ಇರುವುದು ‘ಇಟ್ಟವರು ಯಾರು’ ಎಂಬ ಪ್ರಶ್ನೆಯಲ್ಲಿ. ಒಂದು ಉದಾಹರಣೆ ಕೊಡುತ್ತೇನೆ. ಸಾಲುಗಳ ಒಳಸರಿತಕ್ಕೆ ಎರಡೇ ಖಾಲಿ ಜಾಗ ಸಾಕೆಂದು ಒಬ್ಬರು ವಿಮ್‌ಆರ್‌ಸಿಯಲ್ಲಿ ಶಿಫ್ಟ್‌ವಿಡ್ತ್ ಆಯ್ಕೆಯನ್ನು 2 ಎಂದು ಬರೆದಿದ್ದಾರೆ ಎಂದುಕೊಳ್ಳಿ. ಜಾವಾಸ್ಕ್ರಿಪ್ಟ್ ಕಡತದಲ್ಲಿ ಅದು ಹೇಳಿದಂತೆ ಕೇಳುತ್ತದೆ, ಪೈಥಾನ್ ಕಡತ ತೆರೆದರೆ 4 ಆಗಿರುತ್ತದೆ. ವಿಮ್‌ಆರ್‌ಸಿಯನ್ನು ಎಷ್ಟು ಸಲ ಓದಿದರೂ ಅದರಲ್ಲಿ ತಪ್ಪಿಲ್ಲ. ಆಗ ‘ವರ್ಬೋಸ್ ಸೆಟ್ ಶಿಫ್ಟ್‌ವಿಡ್ತ್’ ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೇಳಿದರೆ, ಬೆಲೆ 4 ಎಂಬುದರ ಜೊತೆಗೆ ಅದನ್ನು ಕೊನೆಯದಾಗಿ ಬದಲಿಸಿದ್ದು ವಿಮ್ ಜೊತೆಯಲ್ಲೇ ಬರುವ ಪೈಥಾನ್ ಫೈಲ್‌ಟೈಪ್ ಪ್ಲಗಿನ್ ಎಂಬುದನ್ನೂ, ಆ ಕಡತದ ಎಷ್ಟನೆಯ ಸಾಲಿನಲ್ಲಿ ಎಂಬುದನ್ನೂ ಅದು ಹೇಳುತ್ತದೆ. ಕಾರಣ ಸ್ಪಷ್ಟ: ವಿಮ್‌ಆರ್‌ಸಿಯನ್ನು ಮೊದಲು ಓದಲಾಗುತ್ತದೆ, ಕಡತದ ಜಾತಿಗೆ ತಕ್ಕ ಪ್ಲಗಿನ್ ಆ ಕಡತ ತೆರೆದ ಮೇಲೆ ಬರುತ್ತದೆ, ಮತ್ತು ಪೈಥಾನ್ ಸಮುದಾಯದ ಪೆಪ್ 8 ಶೈಲಿಸೂತ್ರ ನಾಲ್ಕು ಖಾಲಿ ಜಾಗಗಳನ್ನು ಹೇಳುತ್ತದೆ. ಅದು ಬೇಡವೆಂದರೆ ಆ ಶೈಲಿಯನ್ನೇ ನಿಲ್ಲಿಸುವ ಒಂದು ವೇರಿಯಬಲ್ ಇದೆ. ಇಲ್ಲವೇ ವಿಮ್ ಫೋಲ್ಡರಿನೊಳಗೆ ‘ಆಫ್ಟರ್’ ಎಂಬ ಫೋಲ್ಡರ್ ಮಾಡಿ, ಎಲ್ಲದರ ಕೊನೆಗೆ ಓದಿಸಿಕೊಳ್ಳುವ ನಮ್ಮದೇ ಕಡತವನ್ನು ಅಲ್ಲಿ ಇಡಬಹುದು. ಸಮಸ್ಯೆ, ಅದರ ಮೂಲ, ಪರಿಹಾರ ಮೂರನ್ನೂ ಎಡಿಟರ್ ಬಿಟ್ಟು ಹೊರಗೆ ಹೋಗದೆ ತಿಳಿದುಕೊಳ್ಳಬಹುದು ಎಂಬುದೇ ನಾನು ವಿಮ್‌ಗೆ ಹೆಚ್ಚು ಅಂಕ ಕೊಡಲು ಮುಖ್ಯ ಕಾರಣ. ಇಂಟರ್‌ನೆಟ್ ಸಂಪರ್ಕವಿಲ್ಲದ ಸರ್ವರ್‌ನಲ್ಲಿ ಕೆಲಸ ಮಾಡಿದವರಿಗೆ ಇದರ ಬೆಲೆ ಗೊತ್ತು.

ಮೂಲ ಬೆಲೆಗಳಲ್ಲಿ ನಾನು ತಪ್ಪದೆ ಬದಲಿಸುವಂತಹವು ಕೆಲವಿವೆ. ಟ್ಯಾಬ್‌ನ ಅಗಲ 8 ಆಗಿಯೇ ಬರುತ್ತದೆ, ಟ್ಯಾಬ್ ಬದಲು ಖಾಲಿ ಜಾಗ ಹಾಕುವ ಆಯ್ಕೆ ಮುಚ್ಚಿರುತ್ತದೆ (ಆಫ್ ಆಗಿರುತ್ತದೆ). ಎರಡನ್ನೂ ಬದಲಿಸುತ್ತೇನೆ, ಆದರೆ ಮೇಕ್‌ಫೈಲ್‌ಗಳಿಗೆ (ಪ್ರೋಗ್ರಾಮ್ ಕಟ್ಟುವ ಸೂಚನೆಗಳ ಕಡತಗಳಿಗೆ) ನಿಜವಾದ ಟ್ಯಾಬ್ ಬೇಕೇ ಬೇಕಾದ್ದರಿಂದ ಅಲ್ಲಿ ಹಾಗೆಯೇ ಬಿಡುತ್ತೇನೆ. 2010ರ 7.3 ಆವೃತ್ತಿಯಿಂದ ಬಂದಿರುವ ಅಂಡುಫೈಲ್ ಆಯ್ಕೆಯನ್ನು ತೆರೆದರೆ ಕಡತ ಮುಚ್ಚಿ ಮಾರನೆಯ ದಿನ ತೆರೆದ ಮೇಲೂ ಹಿಂದಿನ ಬದಲಾವಣೆಗಳನ್ನು ಹಿಂತೆಗೆದುಕೊಳ್ಳಬಹುದು. ಇದಕ್ಕಾಗಿ ಪ್ರತ್ಯೇಕ ಫೋಲ್ಡರ್ ಹೆಸರಿಸಿದರೆ ಅದನ್ನು ನಾವೇ ಮೊದಲು ಸೃಷ್ಟಿಸಿರಬೇಕು, ವಿಮ್ ಮಾಡಿಕೊಡುವುದಿಲ್ಲ. ಪಾಸ್‌ವರ್ಡ್‌ಗಳಿರುವ ಕಡತಗಳಿಗೆ ಇದನ್ನು ಮುಚ್ಚಿಡುವುದು ಕ್ಷೇಮ, ಏಕೆಂದರೆ ಅಳಿಸಿದ ಪಠ್ಯವೂ ಆ ಅಂಡು ಕಡತದಲ್ಲಿ ಉಳಿದಿರುತ್ತದೆ. ಸ್ವಾಪ್ ಕಡತವನ್ನು ಕಿರಿಕಿರಿಯೆಂದು ಮುಚ್ಚಿಬಿಡುವ ಸಲಹೆ ಎಲ್ಲೆಡೆ ಕಾಣುತ್ತದೆ. ಅದನ್ನು ದಯವಿಟ್ಟು ಪಾಲಿಸಬೇಡಿ. ಇನ್ನೂರು ಅಕ್ಷರ ಟೈಪ್ ಮಾಡಿದಾಗ ಅಥವಾ ನಾಲ್ಕು ಸೆಕೆಂಡು ಕೈ ನಿಂತಾಗ ವಿಮ್ ಅದರಲ್ಲಿ ಬರೆದಿಡುತ್ತದೆ. ಮೇ ತಿಂಗಳ ಸಂಜೆಯ ಗುಡುಗು ಮಳೆಗೆ ಕರೆಂಟ್ ಹೋಗಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆರಿದರೆ, ಉಳಿಸದ ಬರಹವನ್ನು ಮರಳಿ ಕೊಡುವುದು ಆ ಕಡತವೇ.

ಕ್ಲಿಪ್‌ಬೋರ್ಡ್ ವಿಷಯದಲ್ಲಿ ಮಾತ್ರ ಅಸಮಾಧಾನವಿದೆ. ಸಿಸ್ಟಮ್ ಕ್ಲಿಪ್‌ಬೋರ್ಡ್‌ಗೆ ಜೋಡಿಸುವ ಆಯ್ಕೆ ಬರೆದರೂ, ವಿಮ್ ಅನ್ನು ಆ ಸೌಲಭ್ಯ ಸೇರಿಸಿ ಕಂಪೈಲ್ ಮಾಡಿರದಿದ್ದರೆ ಫಲವಿಲ್ಲ. ಉಬುಂಟುವಿನಲ್ಲಿ ಜಿಟಿಕೆ (ಕಿಟಕಿ, ಬಟನ್‌ಗಳನ್ನು ತೋರಿಸುವ ಲೈಬ್ರರಿ) ಸೇರಿರುವ ವಿಮ್ ಪ್ಯಾಕೇಜ್ ಹಾಕಿಕೊಂಡರೆ ಸರಿಹೋಗುತ್ತದೆ. ಮೋಡ್‌ಲೈನ್ ಆಯ್ಕೆಯನ್ನು ಮುಚ್ಚಿಡಿ: ಕಡತದೊಳಗಿನ ಸಾಲೊಂದು ಎಡಿಟರಿನ ಸೆಟ್ಟಿಂಗ್ ಬದಲಿಸಲು ಬಿಡುವ ಈ ಸೌಲಭ್ಯದ ಮೂಲಕ ಬೇರೆಯವರ ಆಜ್ಞೆಗಳು ಚಲಾವಣೆಯಾಗಬಲ್ಲ ದೋಷ 2019ರಲ್ಲಿ ಪತ್ತೆಯಾಗಿ ಸರಿಪಡಿಸಲ್ಪಟ್ಟಿತು.

ಇನ್ನು ಕನ್ನಡ. ಸಾಫ್ಟ್‌ವೇರ್‌ಗಳ ಪಠ್ಯವನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ತೊಡಗಿರುವ ನನ್ನಂಥವರಿಗೆ ಇದೇ ಮುಖ್ಯ ಪ್ರಶ್ನೆ. ಸಿಸ್ಟಮ್‌ನ ಕೀಲಿಮಣೆಯನ್ನು ಕನ್ನಡಕ್ಕೆ ಬದಲಿಸಿ ವಿಮ್‌ನಲ್ಲಿ ಬರೆಯತೊಡಗಿದರೆ, ಎಸ್ಕೇಪ್ ಒತ್ತಿ ಆಜ್ಞೆಯ ಸ್ಥಿತಿಗೆ ಬಂದ ಮೇಲೂ ಕೀಲಿಗಳು ಕನ್ನಡ ಅಕ್ಷರಗಳನ್ನೇ ಕಳುಹಿಸುತ್ತವೆ. ಸಾಲು ಅಳಿಸುವ, ಕರ್ಸರ್ ಸರಿಸುವ ಆಜ್ಞೆ ಒಂದೂ ನಡೆಯುವುದಿಲ್ಲ. ಇದಕ್ಕೆ ವಿಮ್ ಇಟ್ಟಿರುವ ಉತ್ತರ ಕೀಮ್ಯಾಪ್ ಆಯ್ಕೆ. ಯಾವ ಕೀಲಿಗೆ ಯಾವ ಅಕ್ಷರ ಎಂಬುದನ್ನು ‘ಲೋಡ್‌ಕೀಮ್ಯಾಪ್’ ಎಂಬ ಸಾಲಿನ ಕೆಳಗೆ ಒಂದೊಂದು ಸಾಲಾಗಿ ಬರೆದ ಕಡತವನ್ನು ಕೀಮ್ಯಾಪ್ ಫೋಲ್ಡರಿನಲ್ಲಿಟ್ಟರೆ, ಬರೆಯುವ ಸ್ಥಿತಿಯಲ್ಲಿ ಕಂಟ್ರೋಲ್ ಮತ್ತು ಕ್ಯಾರೆಟ್ ಕೀಲಿ ಒತ್ತಿ ಕನ್ನಡ–ಇಂಗ್ಲಿಷ್ ಬದಲಿಸಿಕೊಳ್ಳಬಹುದು. ಎಸ್ಕೇಪ್ ಒತ್ತಿದೊಡನೆ ಆಜ್ಞೆಗಳು ಇಂಗ್ಲಿಷ್‌ನಲ್ಲಿ ಎಂದಿನಂತೆ ಕೆಲಸ ಮಾಡುತ್ತವೆ, ಮರಳಿ ಬರೆಯಲು ಹೋದಾಗ ಕನ್ನಡವೇ ಇರುತ್ತದೆ. ಅಷ್ಟೇ ಅಲ್ಲ, ಸಾಲಿನಲ್ಲಿ ಒಂದು ಅಕ್ಷರವನ್ನು ಹುಡುಕುವ ಅಥವಾ ಬದಲಿಸುವ ಆಜ್ಞೆ ಕೊಟ್ಟ ಮೇಲೆ ಒತ್ತುವ ಕೀಲಿಗೆ ಮಾತ್ರ ಕನ್ನಡ ಅನ್ವಯವಾಗುತ್ತದೆ. ರೋಮನ್ ಲಿಪಿಯಲ್ಲದ ಭಾಷೆಯವರ ಕಷ್ಟವನ್ನು ಇಷ್ಟು ಆಳವಾಗಿ ಯೋಚಿಸಿ ಮಾಡಿದ ಏರ್ಪಾಡನ್ನು ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು.

ಈ ಕಡತವನ್ನು ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ವಿನ್ಯಾಸಕ್ಕೆ ಬರೆಯುವುದು ಸುಲಭ, ಏಕೆಂದರೆ ಅದರಲ್ಲಿ ‘ಆ’ ಅಕ್ಷರಕ್ಕೂ ‘ಕಾ’ದಲ್ಲಿ ಬರುವ ಸ್ವರಚಿಹ್ನೆಗೂ ಬೇರೆ ಬೇರೆ ಕೀಲಿಗಳಿವೆ, ಒಂದು ಕೀಲಿಗೆ ಒಂದು ಸಂಕೇತ ಎಂದು ಬರೆದುಕೊಂಡು ಹೋದರಾಯಿತು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶಕ್ಕೆ ಕೈ ಪಳಗಿದವರಿಗೆ, ಅಂದರೆ ಬೆಂಗಳೂರಿನಲ್ಲಿ ಕನ್ನಡ ಟೈಪ್ ಮಾಡುವ ಹಲವರಿಗೆ, ಕೆಲಸ ಹೆಚ್ಚು. ಅಲ್ಲಿ ಹಿಂದೆ ವ್ಯಂಜನವಿದ್ದರೆ ಅದೇ ಕೀಲಿ ಸ್ವರಚಿಹ್ನೆಯನ್ನು ಕೊಡುತ್ತದೆ, ಇಲ್ಲದಿದ್ದರೆ ಪೂರ್ಣ ಸ್ವರವನ್ನು. ಕೀಮ್ಯಾಪ್‌ಗೆ ಹಿಂದಿನ ಅಕ್ಷರ ನೋಡುವ ಬುದ್ಧಿ ಇಲ್ಲವಾದ್ದರಿಂದ ಪ್ರತಿಯೊಂದು ವ್ಯಂಜನದ ಕಾಗುಣಿತವನ್ನೂ ಜೋಡಿಗಳಾಗಿ ಬರೆಯಬೇಕು. ಚಿಕ್ಕದೊಂದು ಪೈಥಾನ್ ಪ್ರೋಗ್ರಾಮಿನಿಂದ ಆ ಪಟ್ಟಿಯನ್ನು ತಯಾರಿಸಿಕೊಳ್ಳುವುದು ಜಾಣತನ.

ಬರೆದದ್ದನ್ನು ತಿದ್ದುವಾಗ ಡೆಲ್‌ಕಂಬೈನ್ ಎಂಬ ಆಯ್ಕೆ ಕನ್ನಡಿಗರಿಗೆ ಬಹಳ ಉಪಯುಕ್ತ. ಅದು ಮುಚ್ಚಿರುವಾಗ ‘ಕಿ’ ಬದಲು ‘ಕೀ’ ಎಂದು ಒತ್ತಿ ಬ್ಯಾಕ್‌ಸ್ಪೇಸ್ ಹೊಡೆದರೆ ಇಡೀ ಅಕ್ಷರ ಹೋಗುತ್ತದೆ. ತೆರೆದರೆ ದೀರ್ಘದ ಚಿಹ್ನೆ ಮಾತ್ರ ಅಳಿದು ‘ಕ’ ಉಳಿಯುತ್ತದೆ. ಉದ್ದ ಸಾಲುಗಳು ಪದದ ನಡುವೆ ಮುರಿಯದಿರಲು ಲೈನ್‌ಬ್ರೇಕ್ ಆಯ್ಕೆಯನ್ನೂ ತೆರೆದಿಡಿ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕಾಗುವುದರಿಂದ ಕೆಳಗಿನ ಮೂಲೆಯಲ್ಲಿ ಕರ್ಸರ್‌ನ ಸ್ಥಾನ ಎರಡು ಅಂಕಿಗಳಲ್ಲಿ ಕಾಣುತ್ತದೆ: ಮೊದಲನೆಯದು ಬೈಟ್ ಲೆಕ್ಕ, ಎರಡನೆಯದು ಪರದೆಯ ಲೆಕ್ಕ. ಅದು ದೋಷವಲ್ಲ.

ದೋಷವೆನ್ನಬೇಕಾದದ್ದು ಬೇರೆ ಇದೆ. ‘ಸಾಫ್ಟ್‌ವೇರ್’ ಎಂಬಂಥ ಪದಗಳಲ್ಲಿ ಒತ್ತಕ್ಷರ ಆಗದಂತೆ ತಡೆಯಲು ನಾವು ಹಾಕುವ ಕಣ್ಣಿಗೆ ಕಾಣದ ಚಿಹ್ನೆಯನ್ನು ವಿಮ್ ಕೋನಾಕೃತಿಯ ಆವರಣದೊಳಗೆ 200ಸಿ ಎಂಬ ಗುರುತಾಗಿ ಪದದ ಮಧ್ಯದಲ್ಲೇ ತೋರಿಸುತ್ತದೆ. ಆ ಚಿಹ್ನೆ ಇದೆಯೋ ಇಲ್ಲವೋ ಎಂದು ಪರಿಶೀಲಿಸುವಾಗ ಇದು ಸಹಾಯವೇ. ಲೇಖನ ಓದುವಾಗ ಮಾತ್ರ ಕಣ್ಣು ಪ್ರತಿ ಸಾಲಿನಲ್ಲೂ ಮುಗ್ಗರಿಸುತ್ತದೆ. ಸಿಂಟ್ಯಾಕ್ಸ್ ನಿಯಮವೊಂದರಲ್ಲಿ ಆ ಚಿಹ್ನೆಯನ್ನು ಕನ್ಸೀಲ್ ಎಂದು ಗುರುತಿಸಿ ಕನ್ಸೀಲ್‌ಲೆವೆಲ್ ಅನ್ನು 2 ಮಾಡಿದರೆ ಮರೆಯಾಗುತ್ತದೆ. ಒತ್ತಕ್ಷರಗಳ ಚಿತ್ರಣಕ್ಕೆ ಮಾತ್ರ ಯಾವ ಸೆಟ್ಟಿಂಗ್ ಕೂಡ ಪೂರ್ಣ ಪರಿಹಾರವಲ್ಲ. ಟರ್ಮಿನಲ್ ಅಕ್ಷರಗಳನ್ನು ಸಮ ಅಗಲದ ಮನೆಗಳಲ್ಲಿ ಕೂರಿಸುತ್ತದೆ. ‘ಅಕ್ಕ’ ಎಂಬಲ್ಲಿನ ಒತ್ತು ಎರಡು ಮನೆಗಳಿಗೆ ಹಂಚಿಹೋಗುವುದರಿಂದ ಅದನ್ನು ಕೂಡಿಸಿ ತೋರಿಸುವುದು ಆಯಾ ಟರ್ಮಿನಲ್ ಪ್ರೋಗ್ರಾಮಿನ ಸಾಮರ್ಥ್ಯಕ್ಕೆ ಬಿಟ್ಟದ್ದು. ಆದ್ದರಿಂದ ಕನ್ನಡದ ದೊಡ್ಡ ಲೇಖನವನ್ನು ಟರ್ಮಿನಲ್‌ನಲ್ಲಿಯೇ ಬರೆಯಿರಿ ಎಂದು ನಾನು ಯಾರಿಗೂ ಹೇಳಲಾರೆ. ಅನುವಾದದ ಕಡತಗಳಲ್ಲಿ ಸಾಲು ಸಾಲಾಗಿ ತಿದ್ದುವುದಕ್ಕೆ, ಒಂದೇ ಪದವನ್ನು ಹಲವು ಕಡೆ ಬದಲಿಸುವುದಕ್ಕೆ ಧಾರಾಳವಾಗಿ ಶಿಫಾರಸು ಮಾಡುತ್ತೇನೆ.

ವಾರಕ್ಕೊಮ್ಮೆ ಸರ್ವರ್‌ನ ಒಂದು ಕಡತ ತಿದ್ದಿದರೆ ಸಾಕು ಎನ್ನುವವರಿಗೆ ನ್ಯಾನೋ ಎಡಿಟರ್ ಒಳ್ಳೆಯದು. ಅದರ ನ್ಯಾನೋಆರ್‌ಸಿ ಕಡತದಲ್ಲಿ ಸಾಲು ಸಂಖ್ಯೆ, ಟ್ಯಾಬ್ ಅಗಲ, ಒಳಸರಿತ ಎಂದು ನಾಲ್ಕಾರು ಸಾಲು ಬರೆದರೆ ಅವರ ಅಗತ್ಯ ಪೂರೈಸುತ್ತದೆ. ದಿನವಿಡೀ ಕೋಡ್ ಬರೆಯುವವರು, ಹಲವು ಸರ್ವರ್‌ಗಳ ನಡುವೆ ಓಡಾಡುವವರು, ಕನ್ನಡ ಅನುವಾದದ ಕಡತಗಳನ್ನು ನಿತ್ಯ ತಿದ್ದುವವರು ವಿಮ್ ಕಲಿಯುವುದಕ್ಕೆ ಸಮಯ ಕೊಡಬೇಕು. ಅಂತಹವರು ಬೇರೆಯವರ ನೂರಾರು ಸಾಲಿನ ವಿಮ್‌ಆರ್‌ಸಿಯನ್ನು ನಕಲು ಮಾಡಿಕೊಳ್ಳದೆ ಡಿಫಾಲ್ಟ್ಸ್ ಕಡತವನ್ನು ಕರೆಯುವ ಸಾಲಿನಿಂದಲೇ ಶುರುಮಾಡಿ, ಒಂದೊಂದು ಆಯ್ಕೆಯನ್ನೂ ಹೆಲ್ಪ್‌ನಲ್ಲಿ ಓದಿ, ‘ಸೆಟ್’ ಆಜ್ಞೆಯಿಂದ ಪರೀಕ್ಷಿಸಿ, ಒಪ್ಪಿಗೆಯಾದ ಮೇಲೆ ಬರೆದುಕೊಳ್ಳಲಿ.