ಹೊಗೆಸೊಪ್ಪಿನ ಅಮೈನೋ ಆಮ್ಲ: ಪ್ರೋಟೀನ್ ಒಡೆದು ಅಳೆಯುವುದೋ, ಮುಕ್ತವಾಗಿರುವುದನ್ನಷ್ಟೇ ಅಳೆಯುವುದೋ?

ಹೊಗೆಸೊಪ್ಪಿನ ಪ್ರಭೇದಗಳನ್ನು ಅವುಗಳ ಸಂಕರಗಳೊಂದಿಗೆ ಹೋಲಿಸಲು ಎರಡು ದಾರಿಗಳಿವೆ. ಎಲೆಪುಡಿಯನ್ನು 6 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 110 ಡಿಗ್ರಿ ಸೆಲ್ಸಿಯಸ್‌ಗೆ 24 ಗಂಟೆ ಕಾಯಿಸಿ ಪ್ರೋಟೀನನ್ನೆಲ್ಲ ಒಡೆಯಬಹುದು. ಇಲ್ಲವೇ 80% ಎಥನಾಲ್‌ನಲ್ಲಿ ಮುಕ್ತ ಅಮೈನೋ ಆಮ್ಲಗಳನ್ನಷ್ಟೇ, ಅಂದರೆ ಪ್ರೋಟೀನಿನಲ್ಲಿ ಸೇರದೆ ಬಿಡಿಯಾಗಿರುವವನ್ನಷ್ಟೇ, ಇಳಿಸಿಕೊಳ್ಳಬಹುದು. ಎರಡನ್ನೂ ಮಾಡಿ ನೋಡಿದ ಮೇಲೆ ನಮ್ಮ ಒಲವು ಎಥನಾಲ್ ಕಡೆಗೇ.

ಆಮ್ಲದಲ್ಲಿ ಕಾಯಿಸಿದಾಗ ಟಬ್ಯಾಕಮ್, ರಸ್ಟಿಕಾ, ಸಿಲ್ವೆಸ್ಟ್ರಿಸ್ ಎಂಬ ಮೂರು ಹೊಗೆಸೊಪ್ಪಿನ ಪ್ರಭೇದಗಳೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಹಸಿರೆಲೆಯ ಕರಗುವ ಪ್ರೋಟೀನಿನಲ್ಲಿ ಸುಮಾರು ಅರ್ಧ ರುಬಿಸ್ಕೋ, ಅಂದರೆ ದ್ಯುತಿಸಂಶ್ಲೇಷಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಹಿಡಿಯುವ ಕಿಣ್ವ. ಅದರ ರಚನೆ ಪ್ರಭೇದದಿಂದ ಪ್ರಭೇದಕ್ಕೆ ಬದಲಾಗುವುದು ತೀರಾ ಕಡಿಮೆ. ಮೇಲಾಗಿ ಟ್ರಿಪ್ಟೋಫ್ಯಾನ್ ನಾಶವಾಗುತ್ತದೆ; ಆಸ್ಪರಜಿನ್, ಗ್ಲುಟಮಿನ್ ಎರಡೂ ಆಸ್ಪಾರ್ಟಿಕ್, ಗ್ಲುಟಾಮಿಕ್ ಆಮ್ಲಗಳಾಗಿಬಿಡುತ್ತವೆ. ಸಕ್ಕರೆ, ಪಿಷ್ಟ ಹೆಚ್ಚಿರುವ ಪುಡಿಯಾದರೆ ದ್ರಾವಣ ಕಪ್ಪಾಗಿ ಇನ್ನಷ್ಟು ನಷ್ಟ. ಪುಡಿ ಕಡಿಮೆ, ಆಮ್ಲ ಹೆಚ್ಚು ಹಾಕಿದರೆ ಇದು ತಗ್ಗುತ್ತದೆ.

ವ್ಯತ್ಯಾಸ ಇರುವುದು ಮುಕ್ತ ಭಾಗದಲ್ಲಿ, ಅದರಲ್ಲೂ ಪ್ರೋಲಿನ್ ಮತ್ತು ಆಸ್ಪರಜಿನ್‌ನಲ್ಲಿ. ಆದರೆ ಇದೇ ಭಾಗ ಸುಲಭವಾಗಿ ದಾರಿ ತಪ್ಪಿಸುತ್ತದೆ ಕೂಡ. ಒಂದು ಗಿಡಕ್ಕೆ ನೀರು ಸಾಲದಿದ್ದರೆ ಪ್ರೋಲಿನ್ ಏರುತ್ತದೆ, ಅದನ್ನು ತಳಿಯ ಗುಣವೆಂದು ಬರೆದುಕೊಂಡುಬಿಡುತ್ತೇವೆ. ಸಾರಜನಕದ ಗೊಬ್ಬರ ಹೆಚ್ಚಾದರೆ ಆಸ್ಪರಜಿನ್, ಗ್ಲುಟಮಿನ್ ಏರುತ್ತವೆ. ಹಾಗಾಗಿ ಎಲ್ಲ ಗಿಡಗಳಿಗೂ ಒಂದೇ ಗೊಬ್ಬರ, ಒಂದೇ ನೀರು. ಎಲೆ ಅದೇ ಎತ್ತರದ್ದು, ಅದೇ ಹೊತ್ತಿನಲ್ಲಿ ಕಿತ್ತದ್ದು. ಕಿತ್ತ ಕೂಡಲೇ ದ್ರವ ಸಾರಜನಕಕ್ಕೆ ಹಾಕಬೇಕು. ತಡವಾದರೆ ಎಲೆಯೊಳಗಿನ ಕಿಣ್ವಗಳೇ ಪ್ರೋಟೀನನ್ನು ಒಡೆಯತೊಡಗುತ್ತವೆ. 100 ಮಿಲಿಗ್ರಾಂ ಒಣಪುಡಿ ಸಾಕು. ಆಂತರಿಕ ಮಾನಕವಾಗಿ, ಅಂದರೆ ನಡುವೆ ಆದ ನಷ್ಟವನ್ನು ಲೆಕ್ಕಹಾಕಲು ಗೊತ್ತಾದ ಪ್ರಮಾಣದಲ್ಲಿ, ನಾರ್‌ಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನು ಎಥನಾಲ್ ಜೊತೆಯಲ್ಲೇ ಸೇರಿಸಿ, ಕೊನೆಯಲ್ಲಲ್ಲ. ಪತ್ರಹರಿತ್ತನ್ನು ಕ್ಲೋರೋಫಾರ್ಮ್‌ನಿಂದ ತೆಗೆಯಿರಿ.

ಬೇರ್ಪಟ್ಟ ಅಮೈನೋ ಆಮ್ಲಗಳ ಪತ್ತೆಗೆ ಅವುಗಳೊಂದಿಗೆ ಕೂಡಿ ಹೊಳೆಯುವ ಓಪಿಎ ಎಂಬ ರಾಸಾಯನಿಕ ಬೇಗ, ಸೂಕ್ಷ್ಮ. ಆದರೆ ಪ್ರೋಲಿನ್ ಅದಕ್ಕೆ ಸಿಗುವುದೇ ಇಲ್ಲ, ಎಫ್‌ಮಾಕ್ ಎಂಬ ಇನ್ನೊಂದು ರಾಸಾಯನಿಕ ಜೊತೆಗಿರಬೇಕು. ಬಣ್ಣ ಬರಿಸುವ ನಿನ್‌ಹೈಡ್ರಿನ್ ನಿಧಾನ, ಆದರೂ 440 ನ್ಯಾನೋಮೀಟರ್‌ನಲ್ಲಿ ಪ್ರೋಲಿನ್, 570ರಲ್ಲಿ ಉಳಿದವು ಸಿಗುತ್ತವೆ. ಅಮೈನೋ ಆಮ್ಲಗಳನ್ನು ಬೇರ್ಪಡಿಸಲು ಸೋಡಿಯಂ ಸಿಟ್ರೇಟ್ ಬಫರ್ ಬಳಸಿದರೆ ಆಸ್ಪರಜಿನ್, ಗ್ಲುಟಮಿನ್ ನಕ್ಷೆಯಲ್ಲಿ ಬೇರೆ ಅಮೈನೋ ಆಮ್ಲಗಳ ಶಿಖರಗಳೊಳಗೆ ಸೇರಿಹೋಗುತ್ತವೆ. ಲಿಥಿಯಂ ಬಫರ್ ಬಳಸಿ.

ಸಂಕರದ ತಾಯಿ ಯಾರೆಂಬ ಪ್ರಶ್ನೆಗೆ ಮಾತ್ರ ಈ ಎರಡೂ ದಾರಿ ಬೇಡ. ರುಬಿಸ್ಕೋ ಎರಡು ಬಗೆಯ ಉಪಘಟಕಗಳಿಂದಾದದ್ದು: ದೊಡ್ಡದು ತಾಯಿಯಿಂದ, ಚಿಕ್ಕದು ಇಬ್ಬರಿಂದಲೂ ಬರುತ್ತದೆ. ಟಬ್ಯಾಕಮ್‌ನ ತಾಯಿ ಸಿಲ್ವೆಸ್ಟ್ರಿಸ್ ಎಂದು 1974ರಲ್ಲಿ ತೋರಿಸಿದ್ದು ಈ ಉಪಘಟಕಗಳ ಹೋಲಿಕೆಯೇ. ಸಂಕರಗಳ ಮಾದರಿ ತೆಗೆಯುವಾಗ ಇನ್ನೊಂದು ಎಚ್ಚರ: ಗ್ಲಾಕಾ ಮತ್ತು ಲ್ಯಾಂಗ್ಸ್‌ಡಾರ್ಫಿ ಪ್ರಭೇದಗಳ ಸಂಕರದಲ್ಲಿ ತಾವಾಗಿಯೇ ಗಂಟುಗಳು ಏಳುತ್ತವೆ. ಗಂಟಿನ ಭಾಗವನ್ನು ಎಲೆಯ ಮಾದರಿಗೆ ಸೇರಿಸಬೇಡಿ.